ಮುಂಗಾರಿಗೆ ಕಾಯಬಾರದ ಮರ: ಜೌಗು ಸೈಪ್ರೆಸ್ ಬೋನ್ಸಾಯ್‌ನ ಕಾಲನಿರ್ಣಯ

ಕೊಡಗಿನ ಶಿರಂಗಾಲದಲ್ಲಿ ಸಸಿ ನೆಡುವವರಿಗೆ ಕಾಲದ ವಿಷಯದಲ್ಲಿ ಅನುಮಾನವಿಲ್ಲ. ಜೂನ್ ಮೊದಲ ವಾರ ಕಳೆದು ಮೃಗಶಿರ ಮಳೆ ಹಿಡಿದು ನೆಲ ಒಂದು ಗೇಣು ನೆನೆಯಿತೆಂದರೆ ಮರದ ಸಸಿಯಾಗಲಿ, ಕರಿಮೆಣಸಿನ ಬಳ್ಳಿಯಾಗಲಿ, ಹಿತ್ತಲ ಹೂಗಿಡವಾಗಲಿ ಮಣ್ಣಿಗಿಳಿಯುತ್ತದೆ. ಬೇಸಿಗೆಯಲ್ಲಿ ನೆಟ್ಟು ನೀರು ಹೊತ್ತು ಸಾಯುವುದಕ್ಕಿಂತ ಆಕಾಶವೇ ನೀರುಣಿಸುವ ದಿನಗಳಲ್ಲಿ ನೆಡುವುದು ಮೇಲು ಎಂಬ ಈ ತಿಳಿವಳಿಕೆ ತಲೆಮಾರುಗಳ ಅನುಭವದಿಂದ ಬಂದದ್ದು. ಹೊಲ ತೋಟಗಳ ಮಟ್ಟಿಗೆ ಅದನ್ನು ಅಲ್ಲಗಳೆಯಲು ಕಾರಣವೇ ಇಲ್ಲ. ಆದರೆ ಆಳವಿಲ್ಲದ ಕುಂಡದಲ್ಲಿ ಜೌಗು ಸೈಪ್ರೆಸ್ ಬೆಳೆಸುವವರು ಇದೇ ನಿಯಮವನ್ನು ಅನುಸರಿಸಿ, ಮಳೆ ಹಿಡಿದ ಮೇಲೆ ಕುಂಡ ಬದಲಿಸಿ ಬೇರು ಕತ್ತರಿಸಿದರೆ, ಮರವನ್ನು ವರ್ಷದ ಅತ್ಯಂತ ಕಷ್ಟದ ತಿಂಗಳುಗಳಿಗೆ ಗಾಯದೊಂದಿಗೆ ದೂಡಿದಂತಾಗುತ್ತದೆ. ಇನ್ನೊಂದು ಕಡೆ ಬೋನ್ಸಾಯ್ ಕೈಪಿಡಿಗಳಿವೆ. ಅವು ವಸಂತದ ಆರಂಭದಲ್ಲಿ, ಮಾರ್ಚಿ ಏಪ್ರಿಲ್‌ನಲ್ಲಿ ಕುಂಡ ಬದಲಿಸಿ ಎನ್ನುತ್ತವೆ. ಆ ತಿಂಗಳುಗಳು ಹಿಮ ಕರಗುವ ದೇಶಗಳ ತಿಂಗಳುಗಳು. ಕಾವೇರಿ ಕೊಡಗಿನ ಗಡಿ ದಾಟುವ ಮುನ್ನ ಸಿಗುವ ಈ ಅಂಚಿನ ಊರಿನಲ್ಲಿ ಅಷ್ಟು ಹೊತ್ತಿಗೆ ಮರ ಚಿಗುರಿ ನಿಂತಿರುತ್ತದೆ. ಈ ಎರಡೂ ನಿಯಮಗಳನ್ನು ಬದಿಗಿಟ್ಟು, ಮಾಗಿ ಚಳಿ ಹಿಂದೆ ಸರಿಯುವ ಹೊತ್ತಿನಲ್ಲಿ, ಅಂದರೆ ಸಾಮಾನ್ಯವಾಗಿ ಜನವರಿಯ ನಡುವಿನಿಂದ ಫೆಬ್ರುವರಿ ಕೊನೆಯ ಒಳಗೆ, ಎಲೆಮೊಗ್ಗು ಉಬ್ಬಿ ಇನ್ನೂ ಬಿರಿಯದ ಕೆಲವೇ ದಿನಗಳಲ್ಲಿ ಬೇರಿನ ಕೆಲಸ ಮುಗಿಸಬೇಕು ಎಂಬುದು ನನ್ನ ವಾದ. ಆ ದಿನಗಳು ಯಾವುವೆಂದು ಹೇಳಬೇಕಾದದ್ದು ಮೊಗ್ಗು. ಪಂಚಾಂಗವೂ ಕೈಪಿಡಿಯೂ ಅದರ ನಂತರ.

ಮೊದಲು ಮರದ ಸ್ವಭಾವ ನೋಡೋಣ. ಸಸ್ಯಶಾಸ್ತ್ರಜ್ಞರು ಟ್ಯಾಕ್ಸೋಡಿಯಂ ಡಿಸ್ಟಿಕಂ ಎಂದು ಕರೆಯುವ ಈ ಮರದ ತವರು ಅಮೆರಿಕದ ಆಗ್ನೇಯ ಭಾಗದ ಜೌಗು ನೆಲ. ಲೂಯಿಸಿಯಾನದ ರಾಜ್ಯವೃಕ್ಷವೂ ಇದೇ. ಉತ್ತರ ಕೆರೊಲಿನಾದ ಬ್ಲ್ಯಾಕ್ ನದಿಯ ದಡದಲ್ಲಿರುವ ಒಂದು ಮರಕ್ಕೆ ಕನಿಷ್ಠ 2,624 ವರ್ಷ ವಯಸ್ಸಾಗಿದೆಯೆಂದು ಅದರ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು 2019ರಲ್ಲಿ ತಿಳಿಸಿದರು. ಶಂಕುಮರಗಳ ಕುಲಕ್ಕೆ ಸೇರಿದ್ದರೂ ಪೈನ್ ಮರದಂತೆ ಇದು ವರ್ಷವಿಡೀ ಹಸಿರಾಗಿರುವುದಿಲ್ಲ. ಶರತ್ಕಾಲ ಕಳೆಯುತ್ತಿದ್ದಂತೆ ಹಕ್ಕಿಗರಿಯಂಥ ಎಲೆಗಳು ತುಕ್ಕಿನ ಬಣ್ಣಕ್ಕೆ ತಿರುಗಿ, ತಮ್ಮನ್ನು ಹೊತ್ತ ಸಣ್ಣ ಕಡ್ಡಿಗಳ ಸಮೇತ ಉದುರುತ್ತವೆ. ಉದುರುವ ಮುನ್ನ ಮರ ತಾನು ಬೇಸಿಗೆಯಲ್ಲಿ ಗಳಿಸಿದ ಸಕ್ಕರೆಯನ್ನು ಪಿಷ್ಟವಾಗಿಸಿ ಕಾಂಡದಲ್ಲೂ ಬೇರಿನಲ್ಲೂ ತುಂಬಿಟ್ಟುಕೊಂಡಿರುತ್ತದೆ. ಮುಂದಿನ ಚಿಗುರಿಗೆ ಅದೇ ಬಂಡವಾಳ. ಎಲೆಯಿಲ್ಲದ ಕಾಲದಲ್ಲಿ ನೀರು ಆವಿಯಾಗುವುದು ತೀರಾ ಕಡಿಮೆಯಾದ್ದರಿಂದ ಬೇರಿನ ಒಂದು ಪಾಲು ಕಳೆದುಹೋದರೂ ಮರ ಬಾಡುವುದಿಲ್ಲ. ಒಳಗಿನ ದಾಸ್ತಾನೂ ತುಂಬಿರುತ್ತದೆ. ಮೊಗ್ಗು ಉಬ್ಬತೊಡಗಿದಾಗ ಅದರಲ್ಲಿ ಹುಟ್ಟುವ ಆಕ್ಸಿನ್ ಎಂಬ ಪ್ರಚೋದಕ ಕಾಂಡದಗುಂಟ ಕೆಳಗಿಳಿದು ಹೊಸ ಬೇರು ಒಡೆಯುವಂತೆ ಮಾಡುತ್ತದೆ. ಗಾಯ ಮಾಡುವುದಕ್ಕೂ ಗಾಯ ಮಾಯುವುದಕ್ಕೂ ನಡುವಿನ ಅಂತರ ವರ್ಷದಲ್ಲಿ ಅತ್ಯಂತ ಕಡಿಮೆಯಿರುವುದು ಈ ಗಳಿಗೆಯಲ್ಲಿ. ಡಿಸೆಂಬರಿನಲ್ಲೇ ಕತ್ತರಿಸಿದರೆ ಬೇರಿನ ಗಾಯ ವಾರಗಟ್ಟಲೆ ಸುಮ್ಮನೆ ಒದ್ದೆ ಮಣ್ಣಿನಲ್ಲಿ ಕೂತಿರುತ್ತದೆ. ಎಲೆ ಬಿರಿದ ಮೇಲೆ ಕತ್ತರಿಸೋಣವೆಂದರೆ ದಾಸ್ತಾನು ಎಲೆಗೆ ಖರ್ಚಾಗಿ, ಎಲೆ ಇನ್ನೂ ಮರಳಿ ಕೊಡಲು ಆರಂಭಿಸದ ಬಡತನದ ದಿನಗಳು ಅವು.

ತವರಿನಲ್ಲಿ ಈ ಗಳಿಗೆಯನ್ನು ಗುರುತಿಸುವುದು ಸುಲಭ. ನ್ಯೂ ಆರ್ಲಿಯನ್ಸ್ ಸುಮಾರು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ನಾಲ್ಕು ಗಂಟೆಗಳಷ್ಟು ವ್ಯತ್ಯಾಸ. ಚಳಿಗಾಲದ ಕೆಲವು ರಾತ್ರಿಗಳಾದರೂ ನೀರು ಹೆಪ್ಪುಗಟ್ಟುತ್ತದೆ. ಮಲಗು ಎಂದು ಹೇಳುವ ಎರಡೂ ಸೂಚನೆಗಳು ಮರಕ್ಕೆ ಸ್ಪಷ್ಟವಾಗಿ ಸಿಗುತ್ತವೆ. ಶಿರಂಗಾಲ ಇರುವುದು ಹನ್ನೆರಡೂವರೆ ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಡಿಸೆಂಬರಿನ ಹಗಲಿಗೂ ಜೂನ್ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯನ್ನು ಮುಟ್ಟುವುದಿಲ್ಲ. ಹಿಮ ಬೀಳುವ ಮಾತೇ ಇಲ್ಲ. ಹುತ್ತರಿ ಹಬ್ಬದ ಹೊತ್ತಿಗೆ ರಾತ್ರಿ ಚಳಿ ಹಿಡಿದರೂ ಹಗಲು ಬಿಸಿಲು ಚುರುಕಾಗಿಯೇ ಇರುತ್ತದೆ. ಹಾಗಾಗಿ ಇಲ್ಲಿ ಜೌಗು ಸೈಪ್ರೆಸ್‌ನ ನಿದ್ದೆ ತಡವಾಗಿ ಬರುತ್ತದೆ, ಹಗುರವಾಗಿರುತ್ತದೆ, ಬೇಗ ಮುಗಿಯುತ್ತದೆ. ಕೆಲವು ವರ್ಷ ಒಂದು ರೆಂಬೆ ಕಂದಾಗಿ ನಿಂತಿರುವಾಗಲೇ ಪಕ್ಕದ ರೆಂಬೆ ಹಸಿರಾಗಿರಬಹುದು. ನಮ್ಮ ಕಾಡಿನ ಎಲೆಯುದುರುವ ಮರಗಳನ್ನು ನೋಡಿ ಇದರ ಕಾಲವನ್ನು ಊಹಿಸಲೂ ಬರುವುದಿಲ್ಲ. ತೇಗ, ನಂದಿ, ಹೊನ್ನೆ ಎಲೆ ಕಳಚುವುದು ಮುಖ್ಯವಾಗಿ ನೆಲದ ನೀರು ಬತ್ತುವುದಕ್ಕೆ. ದಿನವೂ ನೀರು ಕುಡಿಯುವ ಕುಂಡದ ಸೈಪ್ರೆಸ್‌ಗೆ ಆ ಸೂಚನೆ ತಲುಪುವುದೇ ಇಲ್ಲ. ಹಾಗಿದ್ದರೆ ಡಿಸೆಂಬರಿನಲ್ಲಿ ನೀರು ನಿಲ್ಲಿಸಿ ಎಲೆ ಉದುರಿಸೋಣ ಎಂಬ ಸಲಹೆ ಕೆಲವರಿಂದ ಬರುತ್ತದೆ. ಇದನ್ನು ಖಂಡಿತ ಒಪ್ಪಲಾಗದು. ತೇಗದ ಬೇರು ಬರವನ್ನು ತಾಳಿಕೊಳ್ಳುವಂತೆ ರೂಪುಗೊಂಡಿದೆ. ಜೌಗಿನ ಮರದ ನಾರುಬೇರು ಕುಂಡದಲ್ಲಿ ಒಮ್ಮೆ ಗರಿಗರಿ ಒಣಗಿದರೆ ಮತ್ತೆ ಜೀವ ಹಿಡಿಯುವುದು ಕಷ್ಟ, ಮೊದಲು ಸಾಯುವುದು ರೆಂಬೆಗಳ ತುದಿ. ಎಲೆ ಮುಕ್ಕಾಲು ಪಾಲು ಕಂದಾದ ಮೇಲೆ ಕೈಯಿಂದ ಮೃದುವಾಗಿ ಸವರಿ ಬಿಡಿಸುವುದರಲ್ಲಿ ತಪ್ಪಿಲ್ಲ. ಹಸಿರೆಲೆಯನ್ನು ಕಿತ್ತು ನಿದ್ದೆ ಬರಿಸಲು ಹೋದರೆ, ದಾಸ್ತಾನು ತುಂಬುತ್ತಿರುವ ಕೈಗಳನ್ನೇ ಕಟ್ಟಿಹಾಕಿದ ಹಾಗೆ.

ಸೂಚನೆ ಇಷ್ಟು ಮಸುಕಾಗಿರುವ ಕಡೆ ತಾರೀಕನ್ನು ನೆಚ್ಚಿಕೊಳ್ಳುವುದಕ್ಕಿಂತ ಮೊಗ್ಗನ್ನು ನೆಚ್ಚಿಕೊಳ್ಳಬೇಕು ಎಂದಾಗ, ಅದೆಲ್ಲ ಪಳಗಿದವರಿಗೆ ಸರಿ, ಹೊಸಬರಿಗೆ ಒಂದು ತಾರೀಕು ಕೊಟ್ಟರೇ ಅನುಕೂಲ ಎಂಬ ಆಕ್ಷೇಪ ಏಳುತ್ತದೆ. ಕೊಡಗಿನಲ್ಲಿ ಈ ಆಕ್ಷೇಪಕ್ಕೆ ಬಲವಿಲ್ಲ. ಇಡೀ ಜಿಲ್ಲೆಯ ಆರ್ಥಿಕತೆ ನಿಂತಿರುವುದೇ ಮೊಗ್ಗು ನೋಡಿ ನಿರ್ಧರಿಸುವ ವಿದ್ಯೆಯ ಮೇಲೆ. ಕಾಫಿಯ ಹೂಮೊಗ್ಗು ಮಳೆಗಾಲ ಕಳೆದ ಮೇಲೆ ಮೂಡಿ, ಒಣಹವೆಯ ವಾರಗಳಲ್ಲಿ ಬಲಿತು, ಒಂದು ಇಂಚಿನಷ್ಟು ಹೂಮಳೆ ಬೀಳುವವರೆಗೆ ಮಲಗಿರುತ್ತದೆ. ಮಳೆ ಬಿದ್ದು ವಾರ ಹತ್ತು ದಿನದಲ್ಲಿ ತೋಟವೆಲ್ಲ ಬಿಳುಪಾಗುತ್ತದೆ. ರೊಬಸ್ಟಾ ಬೆಳೆಗಾರರು ಫೆಬ್ರುವರಿ ಮಾರ್ಚಿಯಲ್ಲಿ ಸ್ಪ್ರಿಂಕ್ಲರ್ ಹಚ್ಚುವ ಮುನ್ನ ಗೆಣ್ಣಿನ ಮೊಗ್ಗು ಎಷ್ಟು ಬಲಿತಿದೆಯೆಂದು ಗಿಡ ಬಗ್ಗಿಸಿ ನೋಡುತ್ತಾರೆ. ಎಳೆ ಮೊಗ್ಗಿಗೆ ನೀರು ಬಿದ್ದರೆ ಹೂ ಒಂದೇ ಸಮನೆ ಅರಳುವುದಿಲ್ಲ, ಫಸಲು ಕೈಕೊಡುತ್ತದೆ ಎಂಬುದು ಅವರಿಗೆ ಗೊತ್ತು. ಯಾವ ಬೆಳೆಗಾರರೂ ಕಳೆದ ವರ್ಷ ಇಂಥ ತಾರೀಕಿಗೆ ನೀರು ಕೊಟ್ಟೆವು, ಈ ವರ್ಷವೂ ಅದೇ ದಿನ ಎನ್ನುವುದಿಲ್ಲ. 1946ರಲ್ಲಿ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಶುರುವಾದ ಮೇಲೆ ಈ ವಿದ್ಯೆಗೆ ವಿಜ್ಞಾನದ ಬೆಂಬಲ ಸಿಕ್ಕಿತು, ಆದರೂ ಕೊನೆಯ ಮಾತು ಮೊಗ್ಗಿನದೇ ಆಗಿ ಉಳಿಯಿತು. ಎಕರೆಗಟ್ಟಲೆ ತೋಟದಲ್ಲಿ ಇದನ್ನು ಮಾಡಬಲ್ಲ ಜನಕ್ಕೆ ಕಣ್ಣೆದುರಿನ ಒಂದು ಕುಂಡದಲ್ಲಿ ಮಾಡುವುದು ಕಷ್ಟವೆಂದು ಹೇಳುವುದು ಸರಿಯಲ್ಲ. ನೋಡಬೇಕಾದದ್ದೂ ಹೆಚ್ಚಿಲ್ಲ. ಸೈಪ್ರೆಸ್‌ನ ಕಡ್ಡಿಯ ಮೇಲೆ ಮಾಗಿಯುದ್ದಕ್ಕೂ ಸಾಸಿವೆಗಿಂತ ಚಿಕ್ಕದಾಗಿ, ಕಂದಾಗಿ ಅಂಟಿಕೊಂಡಿದ್ದ ಮೊಗ್ಗುಗಳು ಒಂದು ವಾರದಲ್ಲಿ ದುಂಡಗಾಗುತ್ತವೆ. ತುದಿಯಲ್ಲಿ ತಿಳಿಹಸಿರಿನ ಚುಕ್ಕೆ ಕಾಣುತ್ತದೆ. ಆ ಚುಕ್ಕೆ ಕಂಡರೆ ಕೆಲಸಕ್ಕೆ ಇಳಿಯಬೇಕು. ಹಸಿರು ಗರಿ ಹೊರಚಾಚಿ ಬಿಚ್ಚಿಕೊಂಡಿದ್ದರೆ ಆ ವರ್ಷಕ್ಕೆ ಬೇರನ್ನು ಮುಟ್ಟದಿರುವುದೇ ಲೇಸು.

ಇನ್ನು ಮುಂಗಾರಿನ ಪ್ರಶ್ನೆ. ಇಲ್ಲಿ ಆಕ್ಷೇಪಗಳು ಮೂರು ದಿಕ್ಕಿನಿಂದ ಬರುತ್ತವೆ, ಮೂರರಲ್ಲೂ ಹುರುಳಿದೆ. ಮೊದಲನೆಯದು ನಮ್ಮ ಬೋನ್ಸಾಯ್ ಪರಂಪರೆಯಿಂದಲೇ ಬರುವಂಥದ್ದು. ಬೆಂಗಳೂರಿನ ಲಾಲ್‌ಬಾಗ್‌ನ ಬೋನ್ಸಾಯ್ ತೋಟದಲ್ಲಾಗಲಿ, ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಲ್ಲಾಗಲಿ ಸುತ್ತಾಡಿದರೆ ಆಲ, ಅತ್ತಿ, ಅರಳಿಯ ಬಳಗದ ಮರಗಳು ಎದ್ದು ಕಾಣುತ್ತವೆ. ಕರ್ನಾಟಕದಲ್ಲಿ ಬೋನ್ಸಾಯ್ ಕಲಿಯುವವರು ಸಾಮಾನ್ಯವಾಗಿ ಕೈ ಪಳಗಿಸಿಕೊಳ್ಳುವುದು ಈ ಬಳಗದ ಮೇಲೆ. ಆಲದ ಜಾತಿಗೆ ಬೆಚ್ಚನೆಯ ತೇವದ ಹವೆ ಇದ್ದರೆ ಸಾಕು, ಗೋಡೆಯ ಬಿರುಕಿನಲ್ಲೂ ಬೇರೂರುತ್ತದೆ. ಮಳೆ ಶುರುವಾಗುವ ಹೊತ್ತಿನಲ್ಲಿ ಬೇರು ಕತ್ತರಿಸಿದರೂ ಹದಿನೈದು ದಿನದಲ್ಲಿ ಹೊಸ ಬೇರು ಬಿಡುತ್ತದೆ. ಆದರೆ ಅದು ನಿತ್ಯಹಸಿರಿನ, ನಿರಂತರ ಬೆಳವಣಿಗೆಯ ಮರ. ವರ್ಷಕ್ಕೊಮ್ಮೆ ದಾಸ್ತಾನು ತುಂಬಿ ವರ್ಷಕ್ಕೊಮ್ಮೆ ಖರ್ಚು ಮಾಡುವ ಲೆಕ್ಕ ಅದಕ್ಕಿಲ್ಲ. ಆಲದಿಂದ ಕಲಿತ ಪಾಠವನ್ನು ಸೈಪ್ರೆಸ್‌ಗೆ ಹಚ್ಚುವುದು ನಮ್ಮಲ್ಲಿ ನಡೆಯುತ್ತಿರುವ ದೊಡ್ಡ ತಪ್ಪು. ಆಲ ಸಹಿಸಿಕೊಳ್ಳುತ್ತದೆ ಎಂಬುದರಿಂದ ಆ ಕಾಲ ಎಲ್ಲ ಮರಕ್ಕೂ ಒಳ್ಳೆಯದೆಂದು ಆಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನೀರಿನಲ್ಲೇ ನಿಂತು ಬೆಳೆಯುವ ಮರಕ್ಕೆ ಮಳೆಯ ಭಯವೇಕೆ? ಜೌಗು ಸೈಪ್ರೆಸ್ ಕುಂಡವನ್ನು ಬೇಸಿಗೆಯಲ್ಲಿ ನೀರು ತುಂಬಿದ ತಟ್ಟೆಯಲ್ಲೇ ಇಡುತ್ತಾರಲ್ಲ? ಉತ್ತರ ಮರದ ಬಾಲ್ಯದಲ್ಲಿದೆ. ಇದರ ಬೀಜ ನೀರಿನ ಮೇಲೆ ತೇಲಿ ದೂರ ಹೋಗುತ್ತದೆ, ಆದರೆ ನೀರಿನಡಿ ಮೊಳೆಯುವುದಿಲ್ಲ. ಜೌಗಿನ ನೀರು ಇಳಿದು ಕೆಸರು ಮೇಲೆದ್ದ ವರ್ಷದಲ್ಲಷ್ಟೇ ಮೊಳಕೆ ಬರುತ್ತದೆ. ಎಳೆಯ ಸಸಿ ಪೂರ್ತಿ ಮುಳುಗಿ ವಾರಗಟ್ಟಲೆ ಇದ್ದರೆ ಸಾಯುತ್ತದೆ. ನೀರಿನಲ್ಲಿ ನಿಲ್ಲುವ ಶಕ್ತಿ ಹುಟ್ಟಿನಿಂದ ಬಂದದ್ದಲ್ಲ, ಬೇರು ಬೆಳೆಸಿಕೊಂಡದ್ದು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಈ ಕೊರತೆಯನ್ನು ನೀಗಲು ಜೌಗಿನ ಮರಗಳ ಬೇರಿನೊಳಗೆ ಗಾಳಿಯ ಕಿರುನಾಳಗಳು ರೂಪುಗೊಳ್ಳುತ್ತವೆ. ನಮ್ಮ ಪಶ್ಚಿಮಘಟ್ಟದಲ್ಲೇ ಇದಕ್ಕೆ ಉದಾಹರಣೆಯಿದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಉಳಿದಿರುವ ರಾಮಪತ್ರೆ ಜಡ್ಡಿಗಳಲ್ಲಿ ಮರಗಳು ಮಂಡಿಯಂತೆ ಬಾಗಿದ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಉಸಿರಾಡುತ್ತವೆ. ಸೈಪ್ರೆಸ್‌ಗೂ ಅಂಥದೇ ಮಂಡಿಗಳಿವೆ; ಅವುಗಳ ಕೆಲಸ ಉಸಿರಾಟವೇ ಅಥವಾ ಮೆತ್ತನೆಯ ನೆಲದಲ್ಲಿ ಮರವನ್ನು ಭದ್ರಪಡಿಸುವುದೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಕುಂಡ ಬದಲಿಸುವಾಗ ನಾವು ಕತ್ತರಿ ಹಾಕುವುದು ಹೀಗೆ ನೀರಿಗೆ ಒಗ್ಗಿದ ಬೇರುಗಳಿಗೇ. ಉಳಿದ ಮೊಂಡು ಬೇರಿನಿಂದ ಹೊಸದಾಗಿ ಒಡೆಯುವ ಬಿಳಿ ಬೇರು ಮೊಳಕೆಯಷ್ಟೇ ಎಳೆಯದು. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಆರೆಂಟು ವಾರ ಕಳೆದು ಬೇರು ಕುಂಡ ಹಿಡಿದ ಮೇಲೆ ತಟ್ಟೆಯಲ್ಲಿ ನೀರು ನಿಲ್ಲಿಸಿದರೆ ಅದೇ ಮರ ಸಂತೋಷದಿಂದ ಬೆಳೆಯುತ್ತದೆ.

ಆ ಎಳೆಬೇರು ಜುಲೈನಲ್ಲಿ ಏನನ್ನು ಎದುರಿಸಬೇಕೆಂದು ಶಿರಂಗಾಲ, ಹೆಬ್ಬಾಲೆ ಕಡೆ ಶುಂಠಿ ಬೆಳೆಯುವ ರೈತರನ್ನು ಕೇಳಿದರೆ ಸಾಕು. ಮಳೆ ಬಿಡದೆ ಹಿಡಿದ ವರ್ಷ ಗೆಡ್ಡೆ ಕೊಳೆ ರೋಗ ಮಡಿಯಿಂದ ಮಡಿಗೆ ಹರಡುವುದು ಅವರಿಗೆ ಹೊಸದಲ್ಲ. ಅದನ್ನು ತರುವ ಪಿಥಿಯಂ, ಕರಿಮೆಣಸಿಗೆ ಸೊರಗು ರೋಗ ತರುವ ಫೈಟಾಫ್ತೊರಾ, ಎರಡೂ ನೀರಿನಲ್ಲಿ ಈಜಿ ಬೇರನ್ನು ತಲುಪುವ ಸೂಕ್ಷ್ಮಜೀವಿಗಳ ಬಳಗದವು. ಗಾಯವಾದ, ಗಾಳಿಯಿಲ್ಲದ ಬೇರು ಇಂಥವಕ್ಕೆ ತೆರೆದ ಬಾಗಿಲು. ಶಿರಂಗಾಲದಲ್ಲಿ ಮಡಿಕೇರಿಯಷ್ಟು ಮಳೆ ಬೀಳುವುದಿಲ್ಲ ಎಂಬುದು ನಿಜ. ಬೆಟ್ಟದ ಮೇಲಿನ ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಪೂರ್ವದ ಈ ಬಯಲಂಚಿಗೆ ಬರುವುದು ಅದರ ಮೂರರಲ್ಲೊಂದು ಪಾಲಿನ ಆಸುಪಾಸು. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಮಳೆಯ ಪ್ರಮಾಣಕ್ಕಿಂತ ಮೋಡ. ಪುನರ್ವಸು, ಪುಷ್ಯ ಮಳೆಗಳ ದಿನಗಳಲ್ಲಿ ಘಟ್ಟದ ಮೋಡ ಕುಶಾಲನಗರ ದಾಟಿ ಪೂರ್ವಕ್ಕೂ ಚಾಚಿ, ಸೂರ್ಯ ಮುಖ ತೋರಿಸದೆ ದಿನಗಳು ಉರುಳುತ್ತವೆ. ಹೊಸ ಬೇರು ಕಟ್ಟಲು ಬೇಕಾದ ಸಕ್ಕರೆ ಬರುವುದು ಎಲೆಯಿಂದ, ಎಲೆಗೆ ಅದನ್ನು ತಯಾರಿಸಲು ಬೇಕಾದದ್ದು ಬಿಸಿಲು. ಇದೇ ಕಾರಣಕ್ಕೆ ಮೂರನೆಯ ಆಕ್ಷೇಪವೂ ಇಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಕೊಲ್ಲಿ ತೀರದಲ್ಲಿ ಈ ಮರ ಬೆಳೆಸುವ ಕೆಲವರು ನಡುಬೇಸಿಗೆಯಲ್ಲೂ ಕುಂಡ ಬದಲಿಸಿ ಮರ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಮಾಗಿಯ ಕಟ್ಟುಪಾಡು ಬೇಡ ಎಂಬುದು ಆ ಆಕ್ಷೇಪ. ಅವರ ಮಾತು ಅವರ ನೆಲದಲ್ಲಿ ಸುಳ್ಳಲ್ಲ. ಅಲ್ಲಿಯ ಜೂನ್ ಜುಲೈ ಎಂದರೆ ಹದಿನಾಲ್ಕು ಗಂಟೆಯ ಹಗಲು. ಮಧ್ಯಾಹ್ನ ಗುಡುಗು ಮಳೆ ಬಂದು ಹೋದರೂ ಬಿಸಿಲು ಧಾರಾಳ. ಬೇರು ಕತ್ತರಿಸಿದ ಮರ ಆ ಬಿಸಿಲಿನಲ್ಲಿ ದುಡಿದು ತನ್ನ ನಷ್ಟ ತುಂಬಿಕೊಳ್ಳುತ್ತದೆ. ನಮ್ಮ ಅದೇ ತಿಂಗಳುಗಳಲ್ಲಿ ಹಗಲು ಹದಿಮೂರು ಗಂಟೆಯೊಳಗೆ, ಅದರಲ್ಲೂ ಬಹುಪಾಲು ಮೋಡದ ಮರೆಯಲ್ಲಿ. ತಿಂಗಳ ಹೆಸರು ಒಂದೇ ಆದರೂ ಎಲೆಗೆ ಸಿಗುವ ಬೆಳಕು ಒಂದೇ ಅಲ್ಲ.

ಮಾಗಿಯ ಕೊನೆಯ ಕುಂಡ ಬದಲಾವಣೆಗೂ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಫೆಬ್ರುವರಿಯಲ್ಲಿ ಬೇರು ಕತ್ತರಿಸಿದ ಮರ ಮಾರ್ಚಿ ಏಪ್ರಿಲ್‌ನ ಸುಡುಬಿಸಿಲಿಗೆ ಎಳೆ ಎಲೆ ಹೊತ್ತು ನಿಲ್ಲುತ್ತದೆ. ಪೂರ್ವ ಕೊಡಗಿನ ಬೇಸಿಗೆ ಬೆಟ್ಟದ ಮೇಲಿನದರಷ್ಟು ತಂಪಲ್ಲ. ಆದರೆ ಬಿಸಿಲನ್ನು ನೆರಳಿನಿಂದ, ಒಣಹವೆಯನ್ನು ನೀರಿನಿಂದ ನಿವಾರಿಸಲು ನಮ್ಮ ಕೈಯಲ್ಲಿ ಸಾಧ್ಯ. ಮೋಡವನ್ನು ಸರಿಸಲು ಸಾಧ್ಯವಿಲ್ಲ. ಎರಡು ಕಷ್ಟಗಳಲ್ಲಿ ನಾವು ತಗ್ಗಿಸಬಲ್ಲದ್ದನ್ನು ಆರಿಸಿಕೊಳ್ಳುವುದು ವಿವೇಕ. ಕುಂಡ ಬದಲಿಸಿದ ಮೊದಲ ಮೂರು ನಾಲ್ಕು ವಾರ ಬೆಳಗಿನ ಬಿಸಿಲು ಮಾತ್ರ ತಾಗುವ ಕಡೆ, ಗಾಳಿಯ ಹೊಡೆತವಿಲ್ಲದಲ್ಲಿ ಇಟ್ಟು, ಮಣ್ಣು ಒಣಗದಂತೆ ಆದರೆ ತಳದ ರಂಧ್ರದಿಂದ ನೀರು ಸರಾಗ ಇಳಿದುಹೋಗುವಂತೆ ನೋಡಿಕೊಂಡರೆ ಆಯಿತು. ಹೂಮಳೆ ಬೀಳುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಮುಂಗಾರು ಬಂದಾಗ ಬೇರು ಕತ್ತರಿಸಿ ಮೂರು ತಿಂಗಳ ಮೇಲಾಗಿ ಗಾಯ ಮಾಯ್ದಿರುತ್ತದೆ. ಮಣ್ಣಿನ ವಿಷಯದಲ್ಲಿ ಕೊಡಗಿನವರಿಗೆ ಒಂದು ಅದೃಷ್ಟವಿದೆ. ಕಾಫಿ ತೋಟಕ್ಕೆ ಸುಣ್ಣ ಹಾಕಬೇಕಾಗಿ ಬರುವಷ್ಟು ಹುಳಿ ಮಣ್ಣು ಇಲ್ಲಿಯದು. ಜೌಗು ಸೈಪ್ರೆಸ್‌ಗೆ ಅದೇ ಹಿತ. ಸುಣ್ಣದ ಅಂಶ ಹೆಚ್ಚಿರುವ ಬೋರ್‌ವೆಲ್ ನೀರನ್ನೇ ಉಣಿಸುತ್ತಿದ್ದರೆ ಎಲೆ ಹಳದಿಗಟ್ಟುತ್ತದೆ, ಕಾರಣ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಅದನ್ನು ಕಂಡು ಕುಂಡ ಸಾಲುತ್ತಿಲ್ಲವೆಂದು ಅಕಾಲದಲ್ಲಿ ಬೇರು ಬಿಡಿಸಲು ಹೊರಡುವವರಿದ್ದಾರೆ. ಕುಂಡ ಬದಲಿಸುವ ಅಗತ್ಯವನ್ನು ಹೇಳುವ ಗುರುತು ಬೇರೆ. ಮೇಲೆ ಸುರಿದ ನೀರು ಇಂಗದೆ ನಿಲ್ಲುವುದು, ಬೇರಿನ ಗಂಟು ಮಣ್ಣನ್ನೇ ಕುಂಡದ ಅಂಚಿಗಿಂತ ಮೇಲಕ್ಕೆ ಎತ್ತುವುದು, ತಳದ ರಂಧ್ರದಲ್ಲಿ ಬೇರು ಹೆಣೆದುಕೊಳ್ಳುವುದು. ಎಳೆಯ ಮರ ಇಲ್ಲಿಯ ದೀರ್ಘ ಬೆಳವಣಿಗೆಯ ಕಾಲದಲ್ಲಿ ಒಂದೆರಡು ವರ್ಷದಲ್ಲೇ ಈ ಸ್ಥಿತಿಗೆ ಬರಬಹುದು. ರೂಪುಗೊಂಡ ಹಳೆಯ ಮರ ಮೂರು ನಾಲ್ಕು ವರ್ಷ ತಡೆಯುತ್ತದೆ. ಸುತ್ತಲಿನ ಮತ್ತು ತಳದ ಬೇರಿನಲ್ಲಿ ಮೂರರಲ್ಲೊಂದು ಪಾಲು ತೆಗೆದರೆ ಸಾಮಾನ್ಯವಾಗಿ ಸಾಕು. ಲೂಯಿಸಿಯಾನದ ಜೌಗಿನಿಂದ ಚಳಿಗಾಲದಲ್ಲಿ ಅಗೆದು ತಂದ ದಪ್ಪ ಮರಗಳು ಬೇರಿನ ಬಹುಪಾಲು ಕಳೆದುಕೊಂಡೂ ಚಿಗುರುತ್ತವೆ ಎಂಬುದು ಈ ಜಾತಿಯ ತಾಳಿಕೆಗೆ ಸಾಕ್ಷಿ. ಆದರೆ ಆ ಸಾಕ್ಷಿಯೂ ಚಳಿಗಾಲದ್ದೇ ಎಂಬುದನ್ನು ಗಮನಿಸಬೇಕು.

ಕೊಂಬೆ ಕತ್ತರಿಸುವುದರ ಕಾಲ ಬೇರೆಯೇ ವಿಚಾರ, ಅದನ್ನು ಬೇರಿನ ಕೆಲಸದ ಜತೆ ಒಂದೇ ಗಂಟಿನಲ್ಲಿ ಕಟ್ಟುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬೇರು ಇಷ್ಟು ಹೋಯಿತೆಂದರೆ ತಲೆಯೂ ಅಷ್ಟೇ ಹೋಗಬೇಕು, ಇಲ್ಲವಾದರೆ ಮರಕ್ಕೆ ಭಾರ ಎಂಬ ನಂಬಿಕೆ ಇದರ ಹಿಂದಿದೆ. ಎಲೆ ತುಂಬಿದ ಮರವನ್ನು ಕಿತ್ತು ನೆಡುವಾಗ ಈ ಮಾತಿಗೆ ಒಂದಿಷ್ಟು ಅರ್ಥವಿರಬಹುದು. ಎಲೆಯಿಲ್ಲದ ಮರದಲ್ಲಿ ಆವಿಯಾಗುವ ನೀರಿನ ಲೆಕ್ಕವೇ ಇಲ್ಲದಿರುವಾಗ ತಲೆ ಬೋಳಿಸುವುದರಿಂದ ಬೇರಿಗೆ ಲಾಭವಿಲ್ಲ. ಬದಲಿಗೆ ಬೇರನ್ನು ಪ್ರಚೋದಿಸುವ ತುದಿಮೊಗ್ಗುಗಳನ್ನೂ, ಕೊಂಬೆಗಳಲ್ಲಿ ಕೂಡಿಟ್ಟ ಪಿಷ್ಟವನ್ನೂ ಕಸದ ಗುಂಡಿಗೆ ಹಾಕಿದಂತಾಗುತ್ತದೆ. ದಪ್ಪ ಕೊಂಬೆ ತೆಗೆಯುವುದು, ಕಾಂಡವನ್ನು ಗಿಡ್ಡ ಮಾಡುವುದು ಮುಂತಾದ ದೊಡ್ಡ ಕಪಾತನ್ನು ಅದೇ ಮಾಗಿಯ ಕೊನೆಯಲ್ಲಿ ಮಾಡಬೇಕು ಎಂಬುದನ್ನು ಒಪ್ಪುತ್ತೇನೆ. ಎಲೆಯಿಲ್ಲದಾಗ ಮರದ ಎಲುಬು ಕಣ್ಣಿಗೆ ಕಾಣುತ್ತದೆ, ಒಣಹವೆಯಲ್ಲಿ ಗಾಯ ಕೊಳೆಯದೆ ಒಣಗುತ್ತದೆ, ಹೊಸ ಚಿಗುರಿನ ಬಲಕ್ಕೆ ಗಾಯವನ್ನು ಸುತ್ತುವರಿಯಲು ಪೂರ್ತಿ ವರ್ಷ ಸಿಗುತ್ತದೆ. ಆದರೆ ಬೇರು ಹೆಚ್ಚು ಕತ್ತರಿಸಿದ ವರ್ಷ ಅದನ್ನು ಬಿಟ್ಟು, ಮುಂದಿನ ವರ್ಷ ಬೇರನ್ನು ಮುಟ್ಟದೆ ಮಾಡುವುದು ಸರಿ. ಹೀಗೆ ಮಾಡಿದರೆ ಮರ ರೂಪುಗೊಳ್ಳುವುದು ನಿಧಾನವಾಗುತ್ತದೆ ಎಂಬ ದೂರು ಬರಬಹುದು. ಕೊಡಗಿನಲ್ಲಿ ಈ ಮರ ವರ್ಷಕ್ಕೆ ಸುಮಾರು ಹತ್ತು ತಿಂಗಳು ಬೆಳೆಯುತ್ತದೆ. ತವರಿಗಿಂತ ಒಂದೆರಡು ತಿಂಗಳು ಹೆಚ್ಚುವರಿ ಬೆಳವಣಿಗೆ ಪುಕ್ಕಟೆಯಾಗಿ ಸಿಗುವ ಕಡೆ ಒಂದು ವರ್ಷ ಕಾಯುವುದು ದೊಡ್ಡ ತ್ಯಾಗವಲ್ಲ.

ಆ ಹೆಚ್ಚುವರಿ ಬೆಳವಣಿಗೆಯೇ ಇನ್ನೊಂದು ತೊಡಕನ್ನೂ ತರುತ್ತದೆ. ಜೌಗು ಸೈಪ್ರೆಸ್‌ನ ಒಲವೆಲ್ಲ ತುದಿಯ ಕಡೆಗೆ. ಬಿಟ್ಟರೆ ತಲೆ ಗಗನಕ್ಕೇರಿ ಕೆಳಗಿನ ಕೊಂಬೆಗಳು ಬಡವಾಗುತ್ತವೆ. ಕಾಂಡದ ಮೈಮೇಲೆಲ್ಲ ಕಂಡಕಂಡಲ್ಲಿ ಚಿಗುರು ಒಡೆಯುತ್ತದೆ, ಕಾಫಿ ಗಿಡದ ಕಂಬಚಿಗುರು ತೆಗೆಯುವಂತೆ ಅದನ್ನು ಬೆರಳಿನಲ್ಲೇ ಚಿವುಟಿ ಹಾಕುತ್ತಿರಬೇಕು. ವಯಸ್ಸಾದ ಸೈಪ್ರೆಸ್‌ಗಳು ಜೌಗಿನಲ್ಲಿ ಚಪ್ಪಟೆ ನೆತ್ತಿ ಹೊತ್ತು ನಿಲ್ಲುವುದನ್ನು ಗಮನಿಸಿ, ನ್ಯೂ ಆರ್ಲಿಯನ್ಸ್‌ನ ವಾನ್ ಬ್ಯಾಂಟಿಂಗ್ ಚಪ್ಪಟೆ ನೆತ್ತಿಯ ಬೋನ್ಸಾಯ್ ಶೈಲಿಯನ್ನು ಪ್ರಚಾರಕ್ಕೆ ತಂದರು. ಜಪಾನಿನ ಪೈನ್ ಆಕಾರವನ್ನು ಇದರ ಮೇಲೆ ಹೇರುವುದಕ್ಕಿಂತ ಅದು ಎಷ್ಟೋ ಪ್ರಾಮಾಣಿಕ ದಾರಿಯೆಂದು ನನಗನಿಸುತ್ತದೆ. ಯಾವ ಶೈಲಿಯಾದರೂ ವರ್ಷದೊಳಗಿನ ಸಣ್ಣ ಕಪಾತಿಗೆ ಎರಡು ಕಾಲ ಸರಿಹೊಂದುತ್ತವೆ. ಮೊದಲನೆಯದು ಏಪ್ರಿಲ್ ಮೇ ತಿಂಗಳಲ್ಲಿ, ಮೊದಲ ಚಿಗುರು ಎಳಸುತನ ಕಳೆದು ಬಲಿತ ಮೇಲೆ. ತೋಟದವರು ಮಳೆಗಾಲಕ್ಕೆ ಮುನ್ನ ನೆರಳಿನ ಮರಗಳಿಗೆ ಕಪಾತು ಮಾಡಿ ಕೆಳಗಿನ ಗಿಡಕ್ಕೆ ಬೆಳಕು ಗಾಳಿ ಬಿಡುವುದೂ ಆಸುಪಾಸು ಇದೇ ಹೊತ್ತಿನಲ್ಲಿ; ಕಾರಣವೂ ಅದೇ. ಮೋಡದ ತಿಂಗಳುಗಳಲ್ಲಿ ದಟ್ಟ ತಲೆಯ ಅಡಿಯಲ್ಲಿ ಕೆಳಗಿನ ರೆಂಬೆಗಳು ಬೆಳಕಿಲ್ಲದೆ ಸಾಯದಿರಲಿ ಎಂದು. ಎರಡನೆಯದು ಮಳೆಯ ಜೋರು ಇಳಿದು ಬಿಸಿಲು ಮರಳುವ ಆಗಸ್ಟ್ ಕೊನೆ, ಸೆಪ್ಟೆಂಬರ್. ಕೊಡವರು ಕೈಲ್‌ಪೊಳ್ದು ಆಚರಿಸುವ ದಿನಗಳು. ಆಗ ನೆತ್ತಿಯನ್ನು ಗಟ್ಟಿಯಾಗಿ, ಕೆಳಗಿನ ಕೊಂಬೆಗಳನ್ನು ತುಸುವೇ ಕತ್ತರಿಸಬೇಕು. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ಹೊತ್ತಿಗೆ ಕತ್ತರಿಯನ್ನು ಎತ್ತಿಡುವುದು ಒಳ್ಳೆಯದು. ಅದಾದ ಮೇಲೆ ಕತ್ತರಿಸಿದರೆ ಮರ ಹೊಸ ಚಿಗುರು ತೆಗೆಯಲು ಹೊರಟು, ಮಾಗಿಗೆ ಕೂಡಿಡಬೇಕಾದ ದಾಸ್ತಾನನ್ನು ಅದಕ್ಕೇ ಸುರಿಯುತ್ತದೆ. ಮೊದಲೇ ಹಗುರವಾದ ನಿದ್ದೆ ಇನ್ನಷ್ಟು ಕೆಡುತ್ತದೆ. ಫೆಬ್ರುವರಿಯ ಕುಂಡ ಬದಲಾವಣೆ ಫಲಿಸುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ತಿಂಗಳುಗಳಲ್ಲಿ ಕೈ ಕಟ್ಟಿ ಕೂರುವ ಸಂಯಮದ ಮೇಲೆ ನಿಂತಿದೆ.

ಇಷ್ಟಾದರೂ ಕಾಲ ನಮ್ಮ ಅಧೀನವಲ್ಲದ ಸಂದರ್ಭಗಳು ಬರುತ್ತವೆ. ಜುಲೈನ ಗಾಳಿಗೆ ಕುಂಡ ಉರುಳಿ ಒಡೆಯಬಹುದು. 2018, 2019ರ ಆಗಸ್ಟ್‌ನಲ್ಲಿ ಆದಂತೆ ಕಾವೇರಿ ದಡ ಮೀರಿ ಹಿತ್ತಲಿಗೆ ನುಗ್ಗಿ ಮಣ್ಣು ಕೊಚ್ಚಿಕೊಂಡು ಹೋಗಬಹುದು. ಆಗಲೂ ಗಟ್ಟಿಯಾಗಿರುವ ಬೇರಿಗೆ ಕತ್ತರಿ ತಾಗಿಸುವ ಅಗತ್ಯವಿಲ್ಲ. ಮಣ್ಣುಹೆಂಟೆಯನ್ನು ಬಿಡಿಸದೆ, ಹರಿದು ಜೋಲುತ್ತಿರುವ ಬೇರನ್ನಷ್ಟೇ ಹರಿತವಾದ ಕತ್ತರಿಯಿಂದ ನೇರ ಮಾಡಿ, ಅಳತೆಯಲ್ಲಿ ತುಸು ದೊಡ್ಡದಾದ ಯಾವುದೇ ಪಾತ್ರೆಗೆ ಕೂರಿಸಿ, ಸುತ್ತ ದಪ್ಪ ಮರಳು ಇಟ್ಟಿಗೆ ಚೂರು ತುಂಬಿ, ಮಳೆ ನೇರ ಬೀಳದ ಆದರೆ ಬೆಳಕಿರುವ ಸೂರಿನಡಿ ಇಡಬೇಕು. ಆ ಪಾತ್ರೆ ಚಂದವಿಲ್ಲದಿದ್ದರೂ ಚಿಂತೆಯಿಲ್ಲ. ಸರಿಯಾದ ಕುಂಡವನ್ನು ಮುಂದಿನ ಜನವರಿಯ ಒಳಗೆ ಹುಡುಕಿಟ್ಟುಕೊಂಡರೆ ಸಾಕು.